ನಲ್ಲಿ ಬಂತು, ಮುಯ್ಯಿ ಹೋಯ್ತು

(ದೃಶ್ಯ: ಮೆಜೆಸ್ಟಿಕ್ ಬಸ್ ನಿಲ್ದಾಣ, ಬೆಳಗಿನ ನೂಕುನುಗ್ಗಲು)

ನಮಸ್ಕಾರ. ನಾನೀಗ ಕೆರೆಯೊಳಗೆ ನಿಂತಿದ್ದೇನೆ. ನಗಬೇಡಿ, ನಿಜ. ಈ ಜಾಗ ಮೊದಲು ಧರ್ಮಾಂಬುಧಿ ಕೆರೆ. ಆ ಕಡೆ ಕಂಠೀರವ ಕ್ರೀಡಾಂಗಣ ಇದೆಯಲ್ಲ, ಅದು ಸಂಪಂಗಿ ಕೆರೆ. ಕೆರೆ ನುಂಗಿದ್ದು ಯಾರು ಅಂದರೆ ಬಿಲ್ಡರು, ರಾಜಕಾರಣಿ ಅಂತ ಉತ್ತರ ರೆಡಿ ಇರುತ್ತದೆ. ಸುಳ್ಳಲ್ಲ. ಆದರೆ ಅದಕ್ಕೂ ಮೊದಲೇ ಇನ್ನೊಂದು ಮುರಿದುಬಿದ್ದಿತ್ತು. ಅದರ ಹೆಸರು ಮುಯ್ಯಿ.

ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಮುಯ್ಯಾಳು. ಕೂಲಿ ಇಲ್ಲ, ಆದರೆ ಲೆಕ್ಕ ಇದೆ. ಮದುವೆಯಲ್ಲಿ ಓದಿಸಿದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಡುತ್ತಾರಲ್ಲ, ಹಾಗೆ. ತಮಾಷೆ ನೋಡಿ, ಸೇಡು ತೀರಿಸಿಕೊಳ್ಳೋದಕ್ಕೂ ನಮ್ಮಲ್ಲಿ ಇದೇ ಪದ.

ನಿಸ್ವಾರ್ಥ ಅನ್ನೋ ಮಾತು ಭಾಷಣದಲ್ಲಿ ಜಾಸ್ತಿ ಕೇಳುತ್ತೇವೆ. ನನಗೆ ಅದಕ್ಕಿಂತ ಮುಯ್ಯಿಯ ಮೇಲೇ ನಂಬಿಕೆ. ಯಾಕೆ ಅಂತ ಕೆರೆ ಹೇಳುತ್ತದೆ.

(ದೃಶ್ಯ: ಕೆರೆಯ ತೂಬು, ಕೋಡಿ, ಕಾಲುವೆ ತೋರಿಸುವ ಚಿತ್ರ)

ಬೆಂಗಳೂರಿಗೆ ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ಹಾಗಾಗಿ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಹಾಗೆ ಕೆರೆಗಳ ಸಾಲು ಕಟ್ಟಿದರು. ಕಟ್ಟಿದವನಿಗೆ, ನೋಡಿಕೊಂಡವನಿಗೆ ಭೂಮಿ ಕೊಡುತ್ತಿದ್ದರು. ಶಾಸನಗಳಲ್ಲಿ ಅದು ಕಟ್ಟುಕೊಡಗೆ. ತೂಬು ತೆಗೆಯೋದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ನೀರುಗಂಟಿಯ ಕೆಲಸ. ಸುಗ್ಗಿಯಲ್ಲಿ ಅವನಿಗೆ ರೈತರ ಮನೆಗಳಿಂದ ಧಾನ್ಯ. ಬೇಸಿಗೆಯಲ್ಲಿ ಜನ ಕೆರೆಯ ಹೂಳೆತ್ತಿ ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಸ್ವಂತ ಲಾಭ, ಊರಿನ ಲಾಭ ಎರಡೂ ಒಂದೇ ಗಾಡಿಯಲ್ಲಿ ಹೋಗುತ್ತಿದ್ದವು.

ಹಳೇದೆಲ್ಲ ಚಿನ್ನ ಅಂತಲ್ಲ. ನೀರುಗಂಟಿಗಳು ಬಹಳ ಕಡೆ ದಲಿತರು. ಊರಿಗೆಲ್ಲ ನೀರು ಹಂಚಿದವನು ಊರ ಬಾವಿ ಮುಟ್ಟುವ ಹಾಗಿರಲಿಲ್ಲ. ಆ ಭಾಗ ವಾಪಸ್ ಬರೋದು ಬೇಡ.

ಆಮೇಲೆ ನಲ್ಲಿ ಬಂತು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ನೂರು ಕಿಲೋಮೀಟರ್ ದೂರದ ಕಾವೇರಿಯಿಂದ. ಕೊಡ ಹೊತ್ತವರಿಗೆ ನಲ್ಲಿಯ ಬೆಲೆ ಗೊತ್ತು, ಅದನ್ನು ಹಳಿಯಲ್ಲ. ಆದರೆ ನೀರು ಮನೆಯೊಳಗೇ ಬಂದ ಮೇಲೆ ಕೆರೆಗೆ ಹೂಳು ತುಂಬಿದರೆ ನಮಗೇನು? ಕೆರೆ ನಮಗೆ ಬೇಡವಾಯಿತು. ಕೆರೆ ನೋಡಿಕೊಳ್ಳೋದಕ್ಕೆ ಜೊತೆಗೆ ಬೇಕಿದ್ದ ಪಕ್ಕದ ಮನೆಯವನೂ ಬೇಡವಾದ.

(ದೃಶ್ಯ: ಟ್ಯಾಂಕರ್, ಸಾಲಾಗಿ ಇಟ್ಟ ಬಿಂದಿಗೆಗಳು)

ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದ 2024ರ ಮಾರ್ಚ್ ನೆನಪಿದೆ ಅಲ್ವಾ? ನಮ್ಮ ಬೀದಿಯಲ್ಲಿ ಒಬ್ಬರ ಬೋರ್‌ವೆಲ್ ಒಣಗಿತು, ಇನ್ನೂ ಆಳಕ್ಕೆ ಕೊರೆಸಿದರು. ಅದರಿಂದ ಪಕ್ಕದ್ದು ಒಣಗಿತು, ಅವರೂ ಕೊರೆಸಿದರು. ಮೂರನೆಯವರು ನಾವು. ಯಾರೂ ಕೆಟ್ಟವರಲ್ಲ. ಎಲ್ಲರೂ ದುಡ್ಡು ಸುರಿದು ಒಬ್ಬರ ನೀರನ್ನು ಒಬ್ಬರು ಎಳೆದುಕೊಂಡೆವು, ಅಷ್ಟೇ.

ಎಲ್ಲರಿಗೂ ಸೇರಿದ್ದನ್ನು ಹೀಗೇ ಎಲ್ಲರೂ ಸೇರಿ ಹಾಳು ಮಾಡುತ್ತಾರೆ ಅಂತ 1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಬರೆದರು. ಅದೇ ದೇಶದ ಸಂಶೋಧಕಿ ಎಲಿನೋರ್ ಆಸ್ಟ್ರಮ್ ಅದನ್ನು ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಸ್ಪೇನಿನ ಕಾಲುವೆ, ಜಪಾನಿನ ಹಳ್ಳಿ ಎಲ್ಲ ನೋಡಿದರು. ಜನ ನೂರಾರು ವರ್ಷ ಹಂಚಿಕೊಂಡು ಬಾಳಿದ್ದಾರೆ. ಸಂತರಾಗಿ ಅಲ್ಲ. ನಿಯಮ ತಾವೇ ಮಾಡಿಕೊಂಡು, ಒಬ್ಬರ ಮೇಲೆ ಒಬ್ಬರು ಕಣ್ಣಿಟ್ಟು, ತಪ್ಪಿದವನಿಗೆ ಮೊದಲು ಸಣ್ಣ ದಂಡ ಹಾಕಿ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ನೊಬೆಲ್ ಪಡೆದ ಮೊದಲ ಮಹಿಳೆ. ನಮ್ಮ ನೀರುಗಂಟಿ ಇದನ್ನೆಲ್ಲ ಕೇಳಿದ್ದರೆ 'ಇದರಲ್ಲೇನು ಹೊಸದು' ಅನ್ನುತ್ತಿದ್ದನೇನೋ.

(ದೃಶ್ಯ: ಪುಟ್ಟೇನಹಳ್ಳಿ ಕೆರೆ, ಹಕ್ಕಿಗಳು)

ಇದು ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ. ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು. ಮರುವರ್ಷ ಪಾಲಿಕೆಯೊಂದಿಗೆ ಒಪ್ಪಂದವಾಗಿ, ನೋಡಿಕೊಳ್ಳುವ ಹೊಣೆ ಅವರಿಗೆ ಬಂತು. ಕಟ್ಟಡಗಳೆದ್ದು ಮಳೆನೀರಿನ ದಾರಿ ಮುಚ್ಚಿತ್ತು. ಆಮೇಲೆ ಪಕ್ಕದ ಅಪಾರ್ಟ್‌ಮೆಂಟಿನ ಶುದ್ಧೀಕರಿಸಿದ ನೀರನ್ನು ಕೆರೆಗೆ ಹರಿಸಿದರು. ಬಚ್ಚಲ ನೀರಿಗೂ ಮುಯ್ಯಿ!

ನಮ್ಮ ಬೀದಿಯದು ಚಿಕ್ಕ ಕಥೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 30x40 ಅಳತೆಯ ತಾರಸಿಗೆ ಲೆಕ್ಕ ಹಾಕಿದರೆ ಲಕ್ಷ ಲೀಟರ್ ದಾಟುತ್ತದೆ. ಆರು ಮನೆಯವರು ಸೇರಿ ತಾರಸಿಯ ನೀರನ್ನು ಒಂದು ಒಣ ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಬಿಟ್ಟೆವು. ಜಗಳ ಎದ್ದಿದ್ದು ಫಿಲ್ಟರ್ ತೊಳೆಯೋ ವಿಷಯಕ್ಕೆ. ಮೊದಲ ಮಳೆಗಾಲ ಪೂರ್ತಿ ಒಬ್ಬರೇ ತೊಳೆದರು, ನಿವೃತ್ತ ಮೇಷ್ಟ್ರು. ಅದು ನಿಸ್ವಾರ್ಥ. ಎರಡನೇ ವರ್ಷ ಅವರ ಮೊಣಕಾಲು ನೋವು ಶುರುವಾಯಿತು, ಫಿಲ್ಟರ್ ಕಟ್ಟಿಕೊಂಡಿತು, ನಮಗೆಲ್ಲ ನಾಚಿಕೆಯಾಯಿತು. ಈಗ ಗೇಟಿನ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ಪಾಳಿ ತಪ್ಪಿಸಿದರೆ ಎಲ್ಲರಿಗೂ ಕಾಫಿ ಕೊಡಿಸಬೇಕು.

ನಾನು ಎರಡು ಸಲ ಕೊಡಿಸಿದ್ದೇನೆ. ಈ ಭಾನುವಾರ ಮತ್ತೆ ನನ್ನ ಪಾಳಿ.