ಇನ್‌ಬಾಕ್ಸ್ ಅನ್ನೋದು ಕಿರ್ದಿ ಪುಸ್ತಕ

ಕೇಳುಗರಿಗೆ ನಮಸ್ಕಾರ.

ನಾನು ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ನಮ್ಮದು ಮುಖ್ಯವಾಗಿ ಮೆಕ್ಕೆಜೋಳ. ಸೀಸನ್ ಶುರುವಾದರೆ ಅಂಗಡಿ ಮುಂದೆ ರಾಶಿ, ಒಳಗೆ ಚೀಲ, ಕೀಬೋರ್ಡ್ ಮೇಲೆಲ್ಲ ಧೂಳು. ಇಂಥ ಜಾಗದಲ್ಲಿ ಕೂತು ಇವಳೇನು ಇಮೇಲ್ ಬಗ್ಗೆ ಮಾತಾಡ್ತಾಳೆ ಅಂತ ನಿಮಗೆ ಅನ್ನಿಸಬಹುದು. ಆದರೆ ನಮ್ಮ ಮಾಲು ಕೊಳ್ಳುವ ಕೋಳಿ ಆಹಾರದ ಕಂಪನಿಗಳು ಈಗ ಎಲ್ಲವನ್ನೂ ಮೇಲ್‌ನಲ್ಲೇ ಕಳಿಸುತ್ತವೆ. ರೇಟು, ಲಾರಿ ನಂಬರು, ತೂಕದ ಚೀಟಿ ಫೋಟೋ, ತೇವಕ್ಕೆ ಎಷ್ಟು ಕಟ್ ಅನ್ನೋ ಲೆಕ್ಕ, ಎಲ್ಲ ಅಲ್ಲೇ ಬಂದು ಬೀಳುತ್ತದೆ. ಬೀಳೋದೇನೋ ಬೀಳುತ್ತದೆ, ಬೇಕಾದಾಗ ಸಿಗಬೇಕಲ್ಲ!

ಒಂದು ನವೆಂಬರ್ ಸಂಜೆಯ ಮಾತು. ಎರಡು ಲಾರಿ ಮಾಲು ಹೋಗಿತ್ತು, ಒಂದೊಂದರಲ್ಲಿ 250 ಕ್ವಿಂಟಲ್. ಮೆಕ್ಕೆಜೋಳದಲ್ಲಿ ತೇವ ಶೇಕಡಾ 14ರ ಒಳಗಿದ್ದರೆ ಒಳ್ಳೆ ಮಾಲು ಅಂತ ಲೆಕ್ಕ. ನಮ್ಮದು 16 ಬಂದಿತ್ತು. ಸರಿ, ಎರಡು ಜಾಸ್ತಿ. ಒಂದು ಪಾಯಿಂಟಿಗೆ ತೂಕದಲ್ಲಿ ಶೇಕಡಾ ಒಂದು ಕಟ್ ಅಂತ ಮೊದಲೇ ಮಾತಾಗಿತ್ತು. ಆದರೆ ಅವರು ಒಂದೂವರೆ ಲೆಕ್ಕ ಹಾಕಿ ಹಣ ಕಳಿಸಿದ್ದರು. ಕ್ವಿಂಟಲ್‌ಗೆ 2,200ರಂತೆ ಎರಡು ಲಾರಿಗೆ 11,000 ರೂಪಾಯಿ ಖೋತಾ. ಫೋನ್ ಮಾಡಿದೆ. "ಒಂದಕ್ಕೊಂದು ಅಂತ ನಾವು ಬರೆದುಕೊಟ್ಟಿದ್ದರೆ ತೋರಿಸಿ ಮೇಡಂ" ಅಂದರು.

ಬರೆದುಕೊಟ್ಟಿದ್ದರು, ನಾನೇ ಓದಿದ್ದೆ. ಎರಡು ತಾಸು ಹುಡುಕಿದೆ. ತೇವಕ್ಕೆ ಇಂಗ್ಲಿಷಿನಲ್ಲಿ ಮಾಯಿಶ್ಚರ್ ಅಂತ ಹಾಕಿದೆ, ಕಟಿಂಗ್ ಅಂತ ಹಾಕಿದೆ, ಆ ಕಂಪನಿಯಿಂದ ಬಂದ ಮೇಲ್‌ಗಳನ್ನೆಲ್ಲ ಕೆಳಗಿನವರೆಗೂ ಎಳೆದು ನೋಡಿದೆ. ಸಿಗಲಿಲ್ಲ. ಸಾವ್ಕಾರ್ರು ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿಯಿತ್ತು.

ನಾಲ್ಕು ದಿನ ಬಿಟ್ಟು ಇನ್ನೇನನ್ನೋ ಹುಡುಕುವಾಗ ಅದು ಎದುರಿಗೆ ಬಂತು. ಮೇಲ್‌ನ ತಲೆಬರಹ ಏನು ಗೊತ್ತಾ? ಯುಗಾದಿ ಶುಭಾಶಯಗಳು! ಮಾರ್ಚ್‌ನಲ್ಲಿ ನಾವು ಕಳಿಸಿದ ಶುಭಾಶಯಕ್ಕೆ ಅವರು ಆಗಸ್ಟ್‌ನಲ್ಲಿ ಉತ್ತರ ಒತ್ತಿ, ಅದರೊಳಗೆ ವ್ಯಾಪಾರದ ಕರಾರು ಬರೆದಿದ್ದರು. ಅದರಲ್ಲಿ ಮಾಯಿಶ್ಚರ್ ಅನ್ನೋ ಪದವೇ ಇಲ್ಲ, ಡ್ಯಾಂಪ್ ಅಂತ ಬರೆದಿದ್ದರು. ಅಷ್ಟೊತ್ತಿಗೆ ಲೆಕ್ಕ ಚುಕ್ತಾ ಆಗಿಹೋಗಿತ್ತು.

ನಮ್ಮ ಅಂಗಡಿಯಲ್ಲಿ ಒಬ್ಬರು ಹಳೇ ಗುಮಾಸ್ತರಿದ್ದಾರೆ. ಕಂಪ್ಯೂಟರ್ ಮುಟ್ಟುವುದಿಲ್ಲ, ಆದರೆ ನಾನು ಮುಟ್ಟುವುದನ್ನು ದಿನಾ ನೋಡುತ್ತಾರೆ. ಅವತ್ತು ನನ್ನ ಪರದೆ ಕಡೆ ನೋಡಿ, "ಅವ್ವಾ, ನಿಂದು ಬರೀ ಕಿರ್ದಿ ಐತಲ್ಲ. ಖಾತೆ ಎಲ್ಲೈತಿ?" ಅಂದರು.

ಅಂಗಡಿ ಲೆಕ್ಕ ಬಲ್ಲವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಕಿರ್ದಿಯಲ್ಲಿ ಆಯಾ ದಿನದ ವ್ಯವಹಾರ ಬಂದ ಹಾಗೇ ಬರೆಯುತ್ತಾ ಹೋಗುತ್ತೇವೆ. ಆಮೇಲೆ ಅದನ್ನೇ ಖಾತೆ ಪುಸ್ತಕದಲ್ಲಿ ಪಾರ್ಟಿವಾರು ಬರೆಯುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಯಾರ ಬಾಕಿ ಎಷ್ಟು ಅಂತ ಕೇಳಿದರೆ ಯಾರೂ ಕಿರ್ದಿ ತೆಗೆಯುವುದಿಲ್ಲ, ಖಾತೆ ತೆಗೆಯುತ್ತಾರೆ. ನಾನು ಇನ್‌ಬಾಕ್ಸ್ ಅನ್ನೋ ಕಿರ್ದಿಯಲ್ಲಿ ಬಾಕಿ ಹುಡುಕುತ್ತಾ ಕೂತಿದ್ದೆ.

ಖಾತೆ ಪುಸ್ತಕದ ಜಾಗಕ್ಕೆ ನಾನು ಎವರ್‌ನೋಟ್ ಇಟ್ಟುಕೊಂಡೆ. ಇಂಥ ಟಿಪ್ಪಣಿ ಆಪ್‌ಗಳು ಬೇರೆಯೂ ಇವೆ. ಇದರಲ್ಲಿ ನಿಮಗೊಬ್ಬರಿಗೇ ಅಂತ ಒಂದು ಇಮೇಲ್ ವಿಳಾಸ ಕೊಡುತ್ತಾರೆ, ಸೆಟ್ಟಿಂಗ್ಸ್ ಒಳಗೆ ಇರುತ್ತದೆ. ಯಾವ ಮೇಲ್ ಬೇಕೋ ಅದನ್ನು ಆ ವಿಳಾಸಕ್ಕೆ ಫಾರ್ವರ್ಡ್ ಮಾಡಿದರೆ, ಲಗತ್ತಿನ ಸಮೇತ ಒಂದು ಟಿಪ್ಪಣಿಯಾಗಿ ಕೂತುಕೊಳ್ಳುತ್ತದೆ. ಉಚಿತವಾಗಿ ಬಳಸುವವರಿಗೆ ಈ ಸೌಲಭ್ಯ ಸಿಗದೇ ಇರಬಹುದು, ಸೇರುವ ಮುಂಚೆ ನೋಡಿಕೊಳ್ಳಿ. ವಿಳಾಸವನ್ನು ಫೋನಿನಲ್ಲಿ ಒಂದು ಹೆಸರು ಕೊಟ್ಟು ಇಟ್ಟುಕೊಳ್ಳಿ. ನಾನು "ಖಾತೆ" ಅಂತಲೇ ಇಟ್ಟಿದ್ದೇನೆ.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ತಲೆಬರಹ. ಫಾರ್ವರ್ಡ್ ಒತ್ತಿದಾಗ ತಲೆಬರಹದ ಸಾಲು ನಿಮ್ಮ ಕೈಗೆ ಬರುತ್ತದೆ. ಅಲ್ಲಿ ಯುಗಾದಿ ಶುಭಾಶಯ ಅಳಿಸಿ, "ತೇವ 14ರ ಮೇಲೆ ಒಂದಕ್ಕೊಂದು ಕಟ್, ಆಗಸ್ಟ್ ಒಪ್ಪಿಗೆ" ಅಂತ ಬರೆಯಬಹುದು. ನಾಳೆ ಹುಡುಕುವವಳು ನಾನು, ಪದವೂ ನನ್ನದೇ ಇರಲಿ ಅಲ್ವಾ? ಟಿಪ್ಪಣಿಗಳನ್ನು ಗುಂಪು ಮಾಡಿ ಇಡುವ ಜಾಗಕ್ಕೆ ಇದರಲ್ಲಿ ನೋಟ್‌ಬುಕ್ ಅಂತಾರೆ. ಅದೇ ಸಾಲಿನ ಕೊನೆಗೆ ಅಟ್ ಚಿಹ್ನೆ ಹಾಕಿ ನೋಟ್‌ಬುಕ್ ಹೆಸರು ಬರೆದರೆ ಆ ನೋಟ್‌ಬುಕ್‌ಗೇ ಹೋಗುತ್ತದೆ. ಆಮೇಲೆ ಹ್ಯಾಶ್ ಚಿಹ್ನೆ ಹಾಕಿ ಟ್ಯಾಗ್, ಅಂದರೆ ಹುಡುಕಲು ಒಂದು ಗುರುತಿನ ಪದ, ಕೊಡಬಹುದು. ಮೊದಲು ನೋಟ್‌ಬುಕ್, ನಂತರ ಟ್ಯಾಗ್.

ಅಟ್ ಚಿಹ್ನೆ ಅಂದೆನಲ್ಲ, ನಮ್ಮ ಕಡೆ ಅದನ್ನು ಎಲ್ಲರೂ "ಅಟ್ ದಿ ರೇಟ್" ಅಂತಾರೆ. ತಪ್ಪೇನಲ್ಲ. ಇಂತಿಷ್ಟು ಚೀಲ, ಇಂಥ ದರದಲ್ಲಿ ಅಂತ ಬಿಲ್‌ನಲ್ಲಿ ಬರೆಯಲು ವ್ಯಾಪಾರಸ್ಥರು ಬಳಸುತ್ತಿದ್ದ ಗುರುತು ಅದು. 1971ರಲ್ಲಿ ರೇ ಟಾಮ್ಲಿನ್ಸನ್ ಅನ್ನೋ ಎಂಜಿನಿಯರ್ ಅದನ್ನು ಇಮೇಲ್ ವಿಳಾಸಕ್ಕೆ ತಂದರು. ಅಂದರೆ ಅದು ಮಂಡಿಯಿಂದ ಮೇಲ್‌ಗೆ ಹೋಗಿದ್ದು. ಗುಮಾಸ್ತರಿಗೆ ಇದನ್ನು ಹೇಳಿದಾಗ ಭಾಳ ಖುಷಿಪಟ್ಟರು.

ನೋಟ್‌ಬುಕ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಕೆಲಸ ಕೆಡುತ್ತದೆ. ಆ ಹೆಸರಿನದು ಮೊದಲೇ ಇರಬೇಕು. ಇಲ್ಲದಿದ್ದರೆ ಟಿಪ್ಪಣಿ ಸುಮ್ನೆ ಮಾಮೂಲಿ ನೋಟ್‌ಬುಕ್‌ಗೆ ಹೋಗಿ ಬೀಳುತ್ತದೆ. ನಾನು ಮೊದಲ ವಾರವೇ ಈ ತಪ್ಪು ಮಾಡಿದೆ. ಇಂಗ್ಲಿಷಿನಲ್ಲಿ ನಮ್ಮೂರಿನ ಹೆಸರನ್ನು ನಡುವೆ ಒಂದು 'ಎ' ಹಾಕಿ ಬರೆಯುವವರೂ ಇದ್ದಾರೆ, ಬಿಟ್ಟು ಬರೆಯುವವರೂ ಇದ್ದಾರೆ. ನೋಟ್‌ಬುಕ್‌ಗೆ ಒಂದು ಥರ ಹೆಸರಿಟ್ಟು, ಫಾರ್ವರ್ಡ್ ಮಾಡುವಾಗ ಇನ್ನೊಂದು ಥರ ಬರೆದೆ. ಈಗ ಊರಿನ ಹೆಸರೇ ಬೇಡ ಅಂತ "ಜೋಳ" ಅಂತ ಇಟ್ಟಿದ್ದೇನೆ.

ಇನ್ನೊಂದು ವಿಷಯ ತಾರೀಖಿನದು. ಟಿಪ್ಪಣಿ ಮೇಲೆ ಕಾಣುವುದು ನೀವು ಫಾರ್ವರ್ಡ್ ಮಾಡಿದ ದಿನ, ಮೇಲ್ ಬಂದ ದಿನವಲ್ಲ. ಯಾರು, ಯಾವತ್ತು ಕಳಿಸಿದರು ಅನ್ನೋದು ಒಳಗೆ ಮೊದಲ ನಾಲ್ಕು ಸಾಲಿನಲ್ಲಿರುತ್ತದೆ. ಚಂದ ಕಾಣಲಿ ಅಂತ ಆ ಸಾಲು ಅಳಿಸಬೇಡಿ. ಮೂಲ ಮೇಲನ್ನಂತೂ ಅಳಿಸಲೇಬೇಡಿ. ತಕರಾರು ಬಂದರೆ ತೋರಿಸಬೇಕಾದ್ದು ಅದನ್ನೇ. ಖಾತೆ ಬರೆದಾಯ್ತು ಅಂತ ಯಾರಾದರೂ ಕಿರ್ದಿ ಹರಿದು ಹಾಕುತ್ತಾರಾ? ಜಿಎಸ್‌ಟಿ ಕಾನೂನಿನಲ್ಲೂ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು ಅಂತಿದೆ.

ಎಲ್ಲ ಮೇಲೂ ತಾನಾಗೇ ಹೋಗುವ ಹಾಗೆ ಮಾಡಬಹುದಲ್ಲ ಅಂತ ನಮ್ಮ ಸಾವ್ಕಾರ್ರ ಮಗ ಕೇಳಿದ. ಮಾಡಬಹುದು. ಜಿಮೇಲ್‌ನಲ್ಲಿ ಫಿಲ್ಟರ್, ಅಂದರೆ ಇಂಥ ಮೇಲ್ ಬಂದರೆ ಹೀಗೆ ಮಾಡು ಅನ್ನೋ ನಿಯಮ, ಹಾಕಿದರೆ ಆಯಿತು. ಮೊದಲು ಆ ಹೊಸ ವಿಳಾಸಕ್ಕೆ ಒಂದು ಖಾತ್ರಿ ಕೋಡ್ ಹೋಗುತ್ತದೆ. ಅದು ಟಿಪ್ಪಣಿಯಾಗಿ ಬಂದಿರುತ್ತದೆ, ಅಲ್ಲಿಂದ ನೋಡಿ ಹಾಕಬೇಕು. ಆದರೆ ಎಲ್ಲವನ್ನೂ ಕಳಿಸೋದು ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಕಿರ್ದಿಯ ಪಕ್ಕ ಇನ್ನೊಂದು ಕಿರ್ದಿ ಆಗುತ್ತದೆ ಅಷ್ಟೇ. ತೂಕದ ಚೀಟಿಯ ಮೇಲ್‌ಗಳಿಗೆ ಮಾತ್ರ ಫಿಲ್ಟರ್ ಹಾಕಿದ್ದೇನೆ, ಉಳಿದದ್ದು ಕೈಯಿಂದಲೇ. ಬ್ಯಾಂಕಿನ ಒಟಿಪಿ, ಪಾಸ್‌ವರ್ಡ್ ಇರುವ ಮೇಲ್ ಯಾವುದೂ ಹೋಗುವುದಿಲ್ಲ. ಆ ವಿಳಾಸವನ್ನೂ ಯಾರಿಗೂ ಕೊಟ್ಟಿಲ್ಲ, ಕೊಟ್ಟರೆ ಯಾರು ಬೇಕಾದರೂ ನನ್ನ ಖಾತೆಯಲ್ಲಿ ಬರೆಯಬಹುದು.

ಕಂಪನಿಯಲ್ಲೋ ಸರ್ಕಾರಿ ಕಚೇರಿಯಲ್ಲೋ ಕೆಲಸ ಮಾಡುವವರು ಮಾತ್ರ ಮೊದಲು ಕೇಳಿ ಮಾಡಿ. ಆ ಮೇಲ್ ನಿಮ್ಮದಲ್ಲ, ಕಚೇರಿಯದ್ದು. ಕಚೇರಿಗಳು ಮೇಲ್‌ಗೆ ಬಳಸುವ ಮೈಕ್ರೋಸಾಫ್ಟ್ 365ರಲ್ಲಿ ತಾನಾಗೇ ಹೊರಗೆ ಫಾರ್ವರ್ಡ್ ಆಗೋದನ್ನು ಮೊದಲಿಂದಲೇ ತಡೆದಿರುತ್ತಾರೆ. ನಾನೂ ಸಾವ್ಕಾರ್ರನ್ನು ಕೇಳಿಯೇ ಶುರುಮಾಡಿದ್ದು. ಅವರು ಕೇಳಿದ್ದು ಒಂದೇ ಮಾತು: "ಹಳೇದೂ ಇದರಾಗೆ ಸಿಗ್ತತಾ?"

ಸಿಗುವುದಿಲ್ಲ. ಫಿಲ್ಟರ್ ಹೊಸದಾಗಿ ಬರುವ ಮೇಲ್‌ಗೆ ಮಾತ್ರ. ಹಳೇದನ್ನು ಒಂದೊಂದಾಗಿ ಕಳಿಸಬೇಕು. ಹಾಗಾಗಿ ದಿನಾ ಸಂಜೆ ತೂಕ ನಿಂತು, ಹಮಾಲರು ಕೈಕಾಲು ತೊಳೆಯಲು ಹೋದ ಮೇಲೆ, ಇಪ್ಪತ್ತು ಹಳೇ ಮೇಲ್ ತೆಗೆದು ಹೊಸ ತಲೆಬರಹ ಕೊಟ್ಟು ಕಳಿಸುತ್ತೇನೆ. ಗುಮಾಸ್ತರು ಪಕ್ಕದಲ್ಲಿ ಕೂತು, "ಈ ಲಾರಿ ನೆನಪೈತಿ, ಹರಿಹರದ ಹತ್ರ ಪಂಚರ್ ಆಗಿತ್ತು" ಅಂತ ಹೇಳುತ್ತಿರುತ್ತಾರೆ. ಅದನ್ನೂ ತಲೆಬರಹದಲ್ಲಿ ಸೇರಿಸುತ್ತೇನೆ. ಹಿಂದಕ್ಕೆ ಹೋಗುತ್ತಾ ಹೋಗುತ್ತಾ ನಿನ್ನೆ ಹೋದ ವರ್ಷದ ದೀಪಾವಳಿಗೆ ಬಂದೆವು.

ನಮಸ್ಕಾರ.