ಬಾಗಿಲ ಮೇಲಿನ ಹೆಸರು ಓದಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಿನ ಜಾವ ಎದ್ದು, ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯ ನೋಡಿ, ಆಮೇಲೆ ಕಾಲೇಜಿಗೆ ಹೊರಡುವ ಹುಡುಗ ಹುಡುಗಿಯರು ನಮ್ಮಲ್ಲಿ ಈಗ ಬಹಳ ಮಂದಿ ಇದ್ದಾರೆ. ಸಂಜೆ ಕೋರ್ಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಶೂ ಲೇಸು ಬಿಚ್ಚುತ್ತಾ ಇವರು ಹೂಡುವ ವಾದವೊಂದಿದೆ: ಈ ಆಟದ ದೊಡ್ಡ ಹೆಸರುಗಳನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಯಾರು ಸೇರಬೇಕು, ಯಾರು ಸೇರಬಾರದು? ಇವತ್ತಿನ ಮಾತು ಇವರಿಗಾಗಿಯೇ. ಇವರ ವಾದದಲ್ಲಿ ಹುರುಪಿದೆ, ನಾಲಗೆಯ ತುದಿಯಲ್ಲಿ ಅಂಕಿಅಂಶವಿದೆ. ಆದರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾರೆ. ಎನ್‌ಬಿಎಯಲ್ಲಿ ಸರಾಸರಿ ಎಷ್ಟು, ವರ್ಷದ ಆಯ್ದ ತಾರೆಯರ ಆಲ್‌ಸ್ಟಾರ್ ತಂಡದಲ್ಲಿ ಎಷ್ಟು ಬಾರಿ ಇದ್ದರು, ಎಷ್ಟು ಪ್ರಶಸ್ತಿ ಎಂದು ಶುರು ಮಾಡುತ್ತಾರೆ. ದಯವಿಟ್ಟು ಮೊದಲು ಬಾಗಿಲ ಮೇಲಿನ ಹೆಸರು ಓದಿ.

ಆ ಹೆಸರು ನೈಸ್ಮಿತ್ ಮೆಮೋರಿಯಲ್ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್. ಇದು ಇರುವುದು ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. 1891ರ ಡಿಸೆಂಬರ್ ಚಳಿಯಲ್ಲಿ ಹುಡುಗರು ಒಳಾಂಗಣದಲ್ಲೇ ಆಡುವಂಥ ಆಟವೊಂದು ಬೇಕೆಂದು ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು ಆ ಊರಿನ ವೈಎಂಸಿಎ, ಅಂದರೆ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಗೆ ಮೊಳೆ ಹೊಡೆದು ತೂಗುಹಾಕಿದರು. ಬಾಲ್ಕನಿಯ ಎತ್ತರ 10 ಅಡಿ ಇತ್ತು, ಅದಕ್ಕೇ ಇಂದಿಗೂ ರಿಂಗಿನ ಎತ್ತರ 10 ಅಡಿ. ನಿಯಮ 13, ಆಟಗಾರರು 18, ಚೆಂಡು ಫುಟ್‌ಬಾಲ್. ನಮ್ಮ ದೇಶಕ್ಕೆ ಈ ಆಟ ಬಂದದ್ದೂ ಅದೇ ವೈಎಂಸಿಎ ಮೂಲಕ. ಹಾಲ್ ಆಫ್ ಫೇಮ್ 1959ರಲ್ಲಿ ಮೊದಲ ಪಟ್ಟಿ ಪ್ರಕಟಿಸಿತು. ಆ ಬಾಗಿಲ ಮೇಲೆ ಎನ್‌ಬಿಎ ಎಂದು ಬರೆದಿಲ್ಲ, ಬಾಸ್ಕೆಟ್‌ಬಾಲ್ ಎಂದು ಬರೆದಿದೆ. ಕಾಲೇಜು, ಮಹಿಳೆಯರು, ಯುರೋಪಿನ ಕ್ಲಬ್ಬು, ದೇಶದ ತಂಡ, ತರಬೇತುದಾರರು, ರೆಫರಿಗಳು, ಎಲ್ಲರಿಗೂ ಅದೊಂದೇ ಬಾಗಿಲು.

ಒಳಗೆ ಹೋಗುವ ದಾರಿ ಸರಳ. ಆಟಗಾರ ನಿವೃತ್ತನಾಗಿ ಕೆಲವು ವರ್ಷ ಕಳೆದಿರಬೇಕು. 2019ರಲ್ಲಿ ಆಟ ನಿಲ್ಲಿಸಿದ ಡ್ವೇನ್ ವೇಡ್ ಮತ್ತು ಡಿರ್ಕ್ ನೊವಿಟ್ಸ್ಕಿ 2023ರಲ್ಲಿ ಸೇರಿದರು. ಮೊದಲು ಜರಡಿ ಸಮಿತಿ. ಉತ್ತರ ಅಮೆರಿಕದವರಿಗೆ ಒಂದು, ಮಹಿಳೆಯರಿಗೆ ಒಂದು, ಹೊರದೇಶದವರಿಗೆ ಒಂದು, ಹಳಬರಿಗೆ ಒಂದು. ಉತ್ತರ ಅಮೆರಿಕದ ಸಮಿತಿಯಲ್ಲಿ 9 ಜನ, ದಾಟಲು 7 ಮತ ಬೇಕು. ಆಮೇಲೆ 24 ಜನರ ಗೌರವ ಸಮಿತಿ, ಅಲ್ಲಿ 18 ಮತ. ಈ ಮತದಾರರ ಹೆಸರನ್ನು ಹೊರಗೆ ಹೇಳುವುದಿಲ್ಲ, ಯಾರಿಗೆ ಎಷ್ಟು ಮತ ಬಿತ್ತೆಂದೂ ಹೇಳುವುದಿಲ್ಲ. ಇದು ಸರಿಯಲ್ಲ. ಮತ ಎಣಿಸಿದವರು ಲೆಕ್ಕವನ್ನೂ ತೋರಿಸಬೇಕು. ಆದರೂ ಈ ಸಮಿತಿಗಳು ನಮ್ಮ ಕಟ್ಟೆಯ ವಾದಿಗಳಿಗಿಂತ ಒಂದು ವಿಷಯದಲ್ಲಿ ಮುಂದಿವೆ, ಬಾಗಿಲ ಮೇಲಿನ ಹೆಸರನ್ನು ಓದಿಕೊಂಡಿವೆ.

ಇದಕ್ಕೆ ಆಸ್ಕರ್ ಶ್ಮಿಟ್ ಅವರ ಉದಾಹರಣೆ ಕೊಡುತ್ತೇನೆ. ಬ್ರೆಜಿಲ್ ದೇಶದವರು, 2.05 ಮೀಟರ್ ಎತ್ತರ. ಅವರ ಊರಿನವರು ಇಟ್ಟ ಅಡ್ಡಹೆಸರು ಪವಿತ್ರ ಹಸ್ತ. ಎನ್‌ಬಿಎಯಲ್ಲಿ ಅವರಾಡಿದ ಪಂದ್ಯಗಳ ಸಂಖ್ಯೆ ಸೊನ್ನೆ. ಹಾಗೆಂದು ಅವಕಾಶ ಸಿಗಲಿಲ್ಲವೆಂದಲ್ಲ. ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ 1984ರ ಡ್ರಾಫ್ಟಿನಲ್ಲಿ, ಮೈಕೆಲ್ ಜೋರ್ಡನ್ ಬಂದ ಅದೇ ಡ್ರಾಫ್ಟಿನಲ್ಲಿ, ನ್ಯೂಜೆರ್ಸಿ ನೆಟ್ಸ್ ತಂಡ ಅವರನ್ನು ಆರಿಸಿಕೊಂಡಿತ್ತು. ಆಗಿನ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಎನ್‌ಬಿಎಗೆ ಹೋದವನು ತನ್ನ ದೇಶದ ತಂಡದಲ್ಲಿ ಆಡುವಂತಿರಲಿಲ್ಲ. ಶ್ಮಿಟ್ ದೇಶದ ಅಂಗಿಯನ್ನೇ ಆರಿಸಿಕೊಂಡರು, ಇಟಲಿಯ ಕಸೆರ್ತಾ ಕ್ಲಬ್ಬಿನಲ್ಲೇ ಉಳಿದರು.

ಈಗ 1987ರ ಆಗಸ್ಟ್ 23ಕ್ಕೆ ಬನ್ನಿ. ಅಮೆರಿಕದ ಇಂಡಿಯಾನಾಪೊಲಿಸ್, ಮಾರ್ಕೆಟ್ ಸ್ಕ್ವೇರ್ ಅರೀನಾ, ಪ್ಯಾನ್ ಅಮೆರಿಕನ್ ಕ್ರೀಡಾಕೂಟದ ಫೈನಲ್. ಬಾಸ್ಕೆಟ್‌ಬಾಲ್ ಹುಚ್ಚಿಗೆ ಹೆಸರಾದ ಊರು ಅದು. ಅಮೆರಿಕದ ಕಡೆ 2.16 ಮೀಟರ್ ಎತ್ತರದ ಡೇವಿಡ್ ರಾಬಿನ್ಸನ್, ಜೊತೆಗೆ ಡ್ಯಾನಿ ಮ್ಯಾನಿಂಗ್. ಎಲ್ಲರೂ ಕಾಲೇಜು ಆಟಗಾರರು, ಆದರೆ ದೇಶದ ಆಯ್ದ ಕಾಳುಗಳು. ಅರ್ಧ ಆಟ ಮುಗಿದಾಗ ಅಮೆರಿಕ 68, ಬ್ರೆಜಿಲ್ 54. ಹದಿನಾಲ್ಕು ಅಂಕದ ಅಂತರ. ಎದುರಾಳಿಯ ಊರಿನಲ್ಲಿ ಅಷ್ಟು ಹಿಂದೆ ಬಿದ್ದ ತಂಡ ಸಾಮಾನ್ಯವಾಗಿ ಬೆಳ್ಳಿಗೆ ಸಮಾಧಾನ ಮಾಡಿಕೊಳ್ಳುತ್ತದೆ.

ಬ್ರೆಜಿಲ್ ಮಾಡಿದ್ದು ಲೆಕ್ಕದ ಕೆಲಸ. ಆಚೆಯಿಂದ ಚೆಂಡು ಹಾಕಿದರೆ ಎರಡರ ಬದಲು ಮೂರು ಅಂಕ ಕೊಡುವ ಗೆರೆ ಅಂತಾರಾಷ್ಟ್ರೀಯ ಆಟಕ್ಕೆ ಬಂದದ್ದು 1984ರಲ್ಲಿ, ದೂರ 6.25 ಮೀಟರ್. ಅಮೆರಿಕದ ಕಾಲೇಜುಗಳಿಗೆ ಆ ಗೆರೆ ಬಂದು ಆಗ ಒಂದೇ ಸೀಸನ್ ಆಗಿತ್ತು, ಅದೂ ಇನ್ನೂ ಹತ್ತಿರದ ಗೆರೆ. ಗಮನಿಸಿ: ಗೆರೆಯಾಚೆಯಿಂದ ಹತ್ತರಲ್ಲಿ ನಾಲ್ಕು ಹಾಕಿದರೆ 12 ಅಂಕ. ಅದೇ 12 ಅಂಕ ರಿಂಗಿನ ಹತ್ತಿರ ಗಳಿಸಬೇಕಾದರೆ ಹತ್ತರಲ್ಲಿ ಆರು ಬೀಳಬೇಕು, ರಾಬಿನ್ಸನ್ ಅವರ ಕೈ ತಪ್ಪಿಸಿ. ಸೆಂಟರ್, ಅಂದರೆ ರಿಂಗು ಕಾಯುವ ಎತ್ತರದ ಆಟಗಾರ, ರಿಂಗಿನ ಕೆಳಗೆ ನಿಂತರೆ ಗೆರೆಯಲ್ಲಿರುವವನು ಖಾಲಿ. ಸೆಂಟರ್ ಗೆರೆಗೆ ಓಡಿ ಬಂದರೆ ರಿಂಗಿನ ಕೆಳಗೆ ಬಯಲು. ಇತ್ತ ದರಿ, ಅತ್ತ ಪುಲಿ. ಅವರ ಬದಲು ಗಾರ್ಡ್ ಎಂಬ ಕುಳ್ಳ ಆಟಗಾರನನ್ನು ಕಾವಲಿಗೆ ಕಳಿಸಿದರೆ, 2.05 ಮೀಟರಿನ ಶ್ಮಿಟ್ ತಲೆಯ ಮೇಲಿಂದ ಬಿಡುವ ಚೆಂಡನ್ನು ಅವನು ಮುಟ್ಟಲಾರ.

ದ್ವಿತೀಯಾರ್ಧದ 20 ನಿಮಿಷದಲ್ಲಿ ಶ್ಮಿಟ್ ಒಬ್ಬರೇ 35 ಅಂಕ ಗಳಿಸಿದರು. ಒಟ್ಟು 46. ಜೊತೆಗಾರ ಮಾರ್ಸೆಲ್ ಸೋಜಾ 31. ಕೊನೆಯ ಲೆಕ್ಕ ಬ್ರೆಜಿಲ್ 120, ಅಮೆರಿಕ 115. ಸ್ವಂತ ನೆಲದಲ್ಲಿ ಅಮೆರಿಕದ ಪುರುಷರ ತಂಡ ಕಂಡ ಮೊದಲ ಸೋಲು ಅದು.

ಮುಂದಿನ ವರ್ಷ ಸಿಯೋಲ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಸೋವಿಯತ್ ತಂಡವೂ ಅಮೆರಿಕವನ್ನು 82-76ರಿಂದ ಸೋಲಿಸಿತು. 1989ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ನಿಯಮ ಬದಲಿಸಿ ಎನ್‌ಬಿಎ ಆಟಗಾರರಿಗೂ ದೇಶದ ಅಂಗಿ ತೊಡಲು ಬಿಟ್ಟಿತು. 1992ರಲ್ಲಿ ಬಾರ್ಸಿಲೋನಾಕ್ಕೆ ಜೋರ್ಡನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಇದ್ದ ಡ್ರೀಮ್ ಟೀಮ್ ಬಂತು. ಅದೇ ತಂಡ ಅಲ್ಲಿ ಶ್ಮಿಟ್ ಅವರ ಬ್ರೆಜಿಲ್ಲನ್ನು 127-83ರಿಂದ ಮಣಿಸಿತು ಎಂಬುದೂ ನಿಜ. ಅಷ್ಟು ಹೊತ್ತಿಗೆ ಶ್ಮಿಟ್ ಅವರ ಹೆಸರಿನಲ್ಲಿ ಏನಿತ್ತೆಂದರೆ, ಸಿಯೋಲ್‌ನಲ್ಲಿ ಸ್ಪೇನ್ ವಿರುದ್ಧ ಒಂದೇ ಪಂದ್ಯದಲ್ಲಿ 55 ಅಂಕ. ಮುಂದೆ ಐದು ಒಲಿಂಪಿಕ್ಸ್ ಮುಗಿಸುವಾಗ 1,093 ಅಂಕ. 2013ರಲ್ಲಿ ಸ್ಪ್ರಿಂಗ್‌ಫೀಲ್ಡ್ ಅವರನ್ನು ಒಳಗೆ ಕರೆಯಿತು. ಎನ್‌ಬಿಎ ಅಂಕಿ ಮಾತ್ರ ನೋಡುವವರ ಹಾಳೆಯಲ್ಲಿ ಇವರ ಸಾಲೇ ಇರುವುದಿಲ್ಲ. ಗಜದಕೋಲು ಹಿಡಿದು ಹಾಲು ಅಳೆಯಲು ಹೊರಟರೆ ಹೀಗೇ ಆಗುತ್ತದೆ.

ಈ ಒಂದು ಪಂದ್ಯಕ್ಕೇ ನನಗೆ ಕೊಟ್ಟ ಸಮಯದಲ್ಲಿ ಬಹುಪಾಲು ಸರಿದುಹೋಯಿತು, ಆದ್ದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ.

ಅರ್ಜೆಂಟೀನಾದ ಮನು ಜಿನೋಬಿಲಿ. ಎನ್‌ಬಿಎ ಸರಾಸರಿ 13.3 ಅಂಕ, ಆಲ್‌ಸ್ಟಾರ್ ಎರಡೇ ಬಾರಿ, ಹೆಚ್ಚಿನ ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬಂದವರು. ಇಷ್ಟೇ ನೋಡಿದರೆ ಬೇಡ ಎನ್ನುತ್ತೀರಿ. ಎನ್‌ಬಿಎಯ ಸ್ಯಾನ್ ಆಂಟೋನಿಯೊ ತಂಡದ ಜೊತೆ ಗೆದ್ದ ನಾಲ್ಕು ಪ್ರಶಸ್ತಿಗಳ ಪಕ್ಕದಲ್ಲಿ ಯುರೋಪಿನ ಕ್ಲಬ್ಬುಗಳ ಲೀಗಾದ ಯುರೋಲೀಗಿನ 2001ರ ಪ್ರಶಸ್ತಿಯನ್ನು ಇಡಿ. 2002ರಲ್ಲಿ ಎನ್‌ಬಿಎ ಆಟಗಾರರಿದ್ದ ಅಮೆರಿಕ ತಂಡಕ್ಕೆ ಮೊದಲ ಸೋಲು ಉಣಿಸಿದ ಅರ್ಜೆಂಟೀನಾ ತಂಡದಲ್ಲಿ ಅವರಿದ್ದರು. ಅದು ನಡೆದದ್ದೂ ಇಂಡಿಯಾನಾಪೊಲಿಸ್‌ನಲ್ಲೇ! 2004ರ ಅಥೆನ್ಸ್ ಸೆಮಿಫೈನಲ್‌ನಲ್ಲಿ ಮತ್ತೆ ಅಮೆರಿಕ ವಿರುದ್ಧ 29 ಅಂಕ, ಕೊನೆಗೆ ಚಿನ್ನ. 2022ರಲ್ಲಿ ಸೇರಿದರು, ಸೇರಲೇಬೇಕಿತ್ತು.

ಇನ್ನು ನೀವು ಗಂಟೆಗಟ್ಟಲೆ ಜಗಳವಾಡುವ ರಾಬರ್ಟ್ ಹಾರಿ. ಮೂರು ತಂಡಗಳಲ್ಲಿ ಏಳು ಪ್ರಶಸ್ತಿ, ಸರಾಸರಿ 7.0 ಅಂಕ. ಅವರ ಪಕ್ಕ ಡೆನಿಸ್ ರಾಡ್‌ಮನ್ ಅವರನ್ನು ನಿಲ್ಲಿಸಿ: ಐದು ಪ್ರಶಸ್ತಿ, ಸರಾಸರಿ 7.3 ಅಂಕ. ಅಂಕದಲ್ಲಿ ಕೂದಲೆಳೆಯ ವ್ಯತ್ಯಾಸ, ಪ್ರಶಸ್ತಿಯಲ್ಲಿ ಹಾರಿ ಅವರೇ ಮುಂದೆ. ಆದರೂ 2011ರಲ್ಲಿ ರಾಡ್‌ಮನ್ ಅವರನ್ನು ಕರೆದದ್ದು ಸರಿ. 2.01 ಮೀಟರ್ ಎತ್ತರದ ಮನುಷ್ಯ, ತನಗಿಂತ ಒಂದು ಗೇಣು ಎತ್ತರದವರ ನಡುವೆ, 1992ರಿಂದ 1998ರವರೆಗೆ ಸತತ ಏಳು ಸೀಸನ್ ಇಡೀ ಲೀಗಿನಲ್ಲಿ ಅತಿ ಹೆಚ್ಚು ರೀಬೌಂಡ್, ಅಂದರೆ ಗುರಿ ತಪ್ಪಿ ಪುಟಿದ ಚೆಂಡು, ಹಿಡಿದರು. ಒಂದು ಕೆಲಸದಲ್ಲಿ ಏಳು ವರ್ಷ ಅವರನ್ನು ಮೀರಿಸುವವರಿರಲಿಲ್ಲ. 2005ರ ಫೈನಲ್ಸ್‌ನ ಐದನೇ ಪಂದ್ಯ ಗೆಲ್ಲಿಸಿದ ಹಾರಿ ಅವರ ಎದೆಗಾರಿಕೆ ದೊಡ್ಡದೇ, ಆದರೆ ಅಂಥ ಏಳು ವರ್ಷ ಅವರಿಗಿಲ್ಲ. ಪ್ರಶಸ್ತಿ ತಂಡದ್ದು, ಹಾಲ್ ಆಫ್ ಫೇಮ್‌ನ ಆಟಗಾರರ ಸಾಲು ಒಬ್ಬೊಬ್ಬರದು. ನನ್ನನ್ನು ಕೇಳಿದರೆ ಹಾರಿ ಅವರಿಗೆ ಮತವಿಲ್ಲ.

ಹಳಬರ ಬಗ್ಗೆ ಒಂದೇ ಎಚ್ಚರಿಕೆ. ಎನ್‌ಬಿಎ ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು) ಮತ್ತು ಸ್ಟೀಲ್ (ಚೆಂಡು ಕಸಿಯುವುದು) ಎಣಿಸಲು ಶುರುಮಾಡಿದ್ದು 1973-74ರ ಸೀಸನ್ನಿನಿಂದ. ಬಿಲ್ ರಸೆಲ್ 1969ರಲ್ಲೇ ನಿವೃತ್ತರು. 13 ಸೀಸನ್, 11 ಪ್ರಶಸ್ತಿ, ಆಟದ ಇತಿಹಾಸದಲ್ಲೇ ಹೆಸರಾದ ಬ್ಲಾಕ್‌ಗಳು, ಆದರೆ ಅಧಿಕೃತ ಲೆಕ್ಕದಲ್ಲಿ ಒಂದೂ ಇಲ್ಲ. ಆ ಕಾಲಮ್ ಖಾಲಿ ಎಂದು ಅವರ ಡಿಫೆನ್ಸ್ ಅನ್ನು ಇಂದಿನವರ ಜೊತೆ ತೂಗಬೇಡಿ.

ಕೊನೆಯದಾಗಿ, ಕಟ್ಟೆಯ ವಾದದಲ್ಲಿ ಕಿವಿಗೆ ಬೀಳದ ಹೆಸರು, ಶೆರಿಲ್ ಮಿಲ್ಲರ್. 1982ರಲ್ಲಿ ಹೈಸ್ಕೂಲಿನ ಒಂದು ಪಂದ್ಯದಲ್ಲಿ 105 ಅಂಕ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 1983, 1984ರಲ್ಲಿ ಎರಡು ರಾಷ್ಟ್ರೀಯ ಪ್ರಶಸ್ತಿ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ. ಆಮೇಲೆ ಮಂಡಿ ಕೈಕೊಟ್ಟಿತು. ಮಹಿಳೆಯರ ಡಬ್ಲ್ಯುಎನ್‌ಬಿಎ ಆಟ ಶುರುವಾದದ್ದೇ 1997ರಲ್ಲಿ. ಅವರ ತಮ್ಮ ರೆಜಿ ಮಿಲ್ಲರ್ ನಿಮಗೆಲ್ಲ ಗೊತ್ತು, ಇಂಡಿಯಾನಾ ತಂಡಕ್ಕೆ ಎನ್‌ಬಿಎಯಲ್ಲಿ 18 ಸೀಸನ್ ಆಡಿದವರು, 2012ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ವೃತ್ತಿಪರ ಲೀಗಿನಲ್ಲಿ ಒಂದು ಸೀಸನ್ನೂ ಆಡದ ಅಕ್ಕ ಆ ಬಾಗಿಲು ದಾಟಿದ್ದು 1995ರಲ್ಲಿ, ತಮ್ಮನಿಗಿಂತ 17 ವರ್ಷ ಮೊದಲು.

ನಮಸ್ಕಾರ.