ಶೇಕಡಾವಾರು ಬಿಡಿ, ಅಜ್ಜಿಯನ್ನು ಹುಡುಕಿ

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಬೆಂಗಳೂರು ದಂಡುಪ್ರದೇಶ, ವೈಟ್‌ಫೀಲ್ಡ್, ಕೋಲಾರ ಚಿನ್ನದ ಗಣಿಗಳ ಕಡೆ ಬೇರು ಬಿಟ್ಟ ಆಂಗ್ಲೋ-ಇಂಡಿಯನ್ ಮನೆತನಗಳದು: ಡಿಎನ್ಎ ವರದಿ, ಹಳೆಯ ದಾಖಲೆಗಳಿಂದ ಪೂರ್ವಜರನ್ನು ಹುಡುಕುವ ಬಗೆ. ಈಗ ಅವರ ಮಕ್ಕಳು ಮೊಮ್ಮಕ್ಕಳು ಮೆಲ್ಬರ್ನ್, ಲಂಡನ್, ಟೊರಾಂಟೊಗಳಲ್ಲಿ ಹರಡಿದ್ದಾರೆ. ಡಿಎನ್ಎ ವರದಿ ಕೈಗೆ ಬಂದೊಡನೆ 'ನಿನಗೆಷ್ಟು ಬಂತು, ನನಗೆಷ್ಟು ಬಂತು' ಎಂದು ಹೋಲಿಸಲು ಕೂರುತ್ತಾರೆ. ಅಣ್ಣನಿಗೆ ದಕ್ಷಿಣ ಏಷ್ಯಾದ ಪಾಲು ಶೇ 40, ತಂಗಿಗೆ ಶೇ 33 ಎಂದು ಬಂದರೆ ಮನೆಯಲ್ಲಿ ಅನುಮಾನದ ಮಾತು ಶುರು. ಅನುಮಾನಕ್ಕೆ ಕಾರಣವೇ ಇಲ್ಲ. ಪ್ರತಿ ಮಗುವಿಗೆ ತಂದೆಯ ಅರ್ಧ, ತಾಯಿಯ ಅರ್ಧ ಬರುತ್ತದೆ, ಆದರೆ ಯಾವ ಅರ್ಧ ಎಂಬುದು ಪ್ರತಿ ಸಲವೂ ಬೇರೆ. ತಂದೆ-ತಾಯಿಯೇ ಮಿಶ್ರ ಮೂಲದವರಾಗಿದ್ದರೆ ಒಡಹುಟ್ಟಿದವರ ಅಂಕಿಗಳು ಬೇರೆಯಾಗಲೇಬೇಕು.

ಒಬ್ಬರದೇ ಎಂಜಲನ್ನು ಎರಡು ಕಂಪನಿಗೆ ಕಳಿಸಿದರೂ ಅಂಕಿ ಹೊಂದುವುದಿಲ್ಲ. ಕಂಪನಿಯ ಬಳಿ ಮೂಲ ಗೊತ್ತಿರುವ ಜನರ ಮಾದರಿಗಳ ಒಂದು ಗುಂಪಿರುತ್ತದೆ. ನಿಮ್ಮ ಡಿಎನ್ಎಯ ತುಂಡುಗಳು ಅದರಲ್ಲಿ ಯಾರಿಗೆ ಹತ್ತಿರ ಎಂದು ಲೆಕ್ಕ ಹಾಕುತ್ತಾರೆ, ಅಷ್ಟೆ. ಗುಂಪು ದೊಡ್ಡದಾದರೆ, ಲೆಕ್ಕದ ವಿಧಾನ ಬದಲಾದರೆ, ಹೋದ ವರ್ಷದ ಶೇ 6 ಈ ವರ್ಷ ಶೇ 2 ಆಗಬಹುದು. ಆದ್ದರಿಂದ ಹೋಲಿಸುವುದಿದ್ದರೆ ಒಂದೇ ಕಂಪನಿಯ, ಒಂದೇ ಆವೃತ್ತಿಯ ವರದಿಗಳನ್ನು ಹೋಲಿಸಿ, ದಿನಾಂಕ ಬರೆದಿಡಿ. ಶೇ 1, ಶೇ 2ರ ಸಾಲುಗಳನ್ನು ನಂಬಿ ಅಜ್ಜ ಪೋರ್ಚುಗೀಸನೋ ಇಟಲಿಯವನೋ ಎಂದು ವಾದಿಸುವುದು ಕಾಲಹರಣ.

ಹಾಗಾದರೆ ಏನನ್ನು ಹುಡುಕಬೇಕು? ತಾಯಂದಿರನ್ನು. ತಂದೆಯ ಸಾಲನ್ನು ಕಾನೂನು, ಕಾಗದ ಎರಡೂ ಕಾಪಾಡಿವೆ. ಸಂವಿಧಾನದ 366(2)ನೇ ವಿಧಿಯ ಪ್ರಕಾರ ಆಂಗ್ಲೋ-ಇಂಡಿಯನ್ ಎಂದರೆ ತಂದೆ ಅಥವಾ ತಂದೆಯ ಕಡೆಯ ಗಂಡು ಸಾಲಿನಲ್ಲಿ ಯಾರಾದರೂ ಯುರೋಪಿಯನ್ ಮೂಲದವರಾಗಿದ್ದು, ಭಾರತದಲ್ಲೇ ನೆಲೆಸಿದ ತಂದೆ-ತಾಯಿಗೆ ಇಲ್ಲಿ ಹುಟ್ಟಿದವರು. ತಾಯಿಯ ಕುಲದ ಮಾತೇ ಇಲ್ಲ. ಚರ್ಚಿನ ದಾಖಲೆಗಳೂ ಹೀಗೆಯೇ. ಹತ್ತೊಂಬತ್ತನೇ ಶತಮಾನದ ಆರಂಭದ ಜ್ಞಾನಸ್ನಾನದ ರಿಜಿಸ್ಟರುಗಳಲ್ಲಿ ತಂದೆಯ ಹೆಸರು, ಹುದ್ದೆ, ರೆಜಿಮೆಂಟು ಎಲ್ಲ ಇದ್ದು ತಾಯಿಯ ಜಾಗದಲ್ಲಿ 'ದೇಶೀ ಹೆಂಗಸು' ಎಂದೋ, ಬರೀ 'ಮೇರಿ' ಎಂದೋ ಇರುತ್ತದೆ. ಮೇರಿ ಎಂಬುದು ಹೆಚ್ಚಾಗಿ ಆಕೆಗೇ ಜ್ಞಾನಸ್ನಾನವಾದಾಗ ಕೊಟ್ಟ ಹೆಸರು. ಅದರ ಹಿಂದೆ ತಮಿಳು, ತೆಲುಗು ಅಥವಾ ಕನ್ನಡದ ಹೆಸರೊಂದು ಅಳಿಸಿಹೋಗಿದೆ.

ಬೆಂಗಳೂರು ದಂಡಿನ ಪಾದ್ರಿಗಳು ಬರೆದದ್ದರ ಪ್ರತಿ ಮದರಾಸಿಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಅದು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳ ಎನ್ ಸರಣಿಯಲ್ಲಿದೆ: ಎನ್/1 ಬಂಗಾಳ, ಎನ್/2 ಮದರಾಸು, ಎನ್/3 ಬೊಂಬಾಯಿ. ಬೆಂಗಳೂರಿನವರು ಮೈಸೂರು ಎಂದು ಹುಡುಕಿ ಸಿಗಲಿಲ್ಲ ಎನ್ನುತ್ತಾರೆ. ನೋಡಬೇಕಾದದ್ದು ಎನ್/2. ನೆನಪಿರಲಿ, ಅದು ನಕಲು. ನಕಲು ಮಾಡಿದವನು ಹೆಸರು ತಪ್ಪಿರಬಹುದು, ಅಂಚಿನ ಟಿಪ್ಪಣಿ ಬಿಟ್ಟಿರಬಹುದು. ಮೂಲ ರಿಜಿಸ್ಟರು ಚರ್ಚಿನಲ್ಲಿ ಉಳಿದಿದ್ದರೆ ಅದನ್ನೇ ನೋಡಿ. ಕ್ಯಾಥೊಲಿಕ್ ಕುಟುಂಬಗಳಂತೂ ಮೊದಲು ಧರ್ಮಕೇಂದ್ರದ ದಾಖಲೆಗೇ ಹೋಗಬೇಕು, ಎನ್ ಸರಣಿಯಲ್ಲಿ ಕ್ಯಾಥೊಲಿಕ್ ದಾಖಲೆ ತೀರ ಕಡಿಮೆ.

ಕಾಗದ ನಿಂತಲ್ಲಿ ಮೈಟೊಕಾಂಡ್ರಿಯದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ, ಡಿಎನ್ಎ ಕೆಲಸಕ್ಕೆ ಬರುತ್ತದೆ. ಈ ಡಿಎನ್ಎ ತಾಯಿಯಿಂದ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಬರುತ್ತದೆ, ಮುಂದೆ ದಾಟಿಸುವವರು ಹೆಣ್ಣುಮಕ್ಕಳು ಮಾತ್ರ. ನಿಮ್ಮ ಮುತ್ತಜ್ಜಿಯ ಅಜ್ಜಿ ಐದನೇ ತಲೆಮಾರು. ಆಕೆಯಿಂದ ನಿಮಗೆ ಬಂದಿರುವುದು ಸರಾಸರಿ ಮೂವತ್ತೆರಡರಲ್ಲಿ ಒಂದು ಪಾಲು, ಅಂದರೆ ಶೇ 3ರಷ್ಟು. ನಿಮ್ಮಲ್ಲಿ ಅದು ಶೇ 5 ಇರಬಹುದು, ತಮ್ಮನಲ್ಲಿ ಶೇ 1. ಆದರೆ ಆಕೆಯ ಮಗಳು, ಮಗಳ ಮಗಳು, ಹೀಗೆ ಎಲ್ಲೂ ಗಂಡು ನಡುವೆ ಬಾರದ ಸಾಲಿನಲ್ಲಿ ಇಂದು ಯಾರಾದರೂ ಬದುಕಿದ್ದರೆ, ಅವರಲ್ಲಿ ಆಕೆಯ ಮೈಟೊಕಾಂಡ್ರಿಯ ಬಹುಮಟ್ಟಿಗೆ ಹಾಗೇ ಇದೆ. ಸಾಲಿನ ಕೊನೆಯವರು ಗಂಡಸಾದರೂ ನಡೆಯುತ್ತದೆ. ಆದ್ದರಿಂದ ಮೊದಲು ವಂಶವೃಕ್ಷ ಬರೆಯಿರಿ, ಆಮೇಲೆ ಕಿಟ್ ತರಿಸಿ. ಜನ ಮಾಡುವುದು ತಿರುವುಮುರುವು.

ಫಲಿತಾಂಶ ಓದುವಾಗ ಎಚ್ಚರ ಬೇಕು. ವರದಿ ಆ ಹೆಣ್ಣು ಸಾಲು ಯಾವ ವಂಶಗುಂಪಿನದು (ಹ್ಯಾಪ್ಲೊಗ್ರೂಪ್) ಎಂದು ಎಂ, ಎಚ್, ಯು ಎಂಬಂಥ ಅಕ್ಷರದಲ್ಲಿ ಹೇಳುತ್ತದೆ. ಎಂ ಗುಂಪಿನ ಎಂ2, ಎಂ3 ಶಾಖೆಗಳು ಬಂದರೆ ಆ ಅಜ್ಜಿ ಭಾರತದವಳು ಎನ್ನಲು ಅಡ್ಡಿಯಿಲ್ಲ. ಎಚ್ ಬಂದರೆ ಯುರೋಪಿನ ಕಡೆ ವಾಲುತ್ತದೆ. ಯು2 ಎಂದಷ್ಟೇ ಬಂದರೆ ಏನೂ ತಿಳಿದಂತಾಗಲಿಲ್ಲ: ಯು2ಎ, ಯು2ಬಿ, ಯು2ಸಿ ದಕ್ಷಿಣ ಏಷ್ಯಾದವು, ಯು2ಇ ಮುಖ್ಯವಾಗಿ ಯುರೋಪಿನದು. ಹಾಗಾಗಿ ಮೈಟೊಕಾಂಡ್ರಿಯದ ಡಿಎನ್ಎಯ 16,569 ಅಕ್ಷರಗಳ ಪೂರ್ತಿ ಓದು ಬೇಕು. ಗಂಡು ಸಾಲಿನ ವೈ ವರ್ಣತಂತುವಿನಲ್ಲೂ ಇಂಥದೇ ಬಲೆ ಇದೆ. ಆರ್1ಎ ಎಂಬ ಗುಂಪು ಭಾರತ, ಯುರೋಪು ಎರಡೂ ಕಡೆ ಸಿಗುತ್ತದೆ. ಅದರ ಝೆಡ್93 ಶಾಖೆ ಭಾರತದಲ್ಲಿ ವಿಪುಲ, ಝೆಡ್282 ಪೂರ್ವ ಯುರೋಪಿನಲ್ಲಿ. ಬ್ರಿಟನ್ನಿನ ಸಿಪಾಯಿಯ ಸಾಲಾದರೆ ಆರ್1ಬಿ ಬರುವ ಸಂಭವವೇ ಹೆಚ್ಚು.

ಇನ್ನು ನೆಂಟಸ್ತಿಕೆ. ಇಬ್ಬರ ನಡುವೆ ಹಂಚಿಕೆಯಾದ ಡಿಎನ್ಎಯನ್ನು ಸೆಂಟಿಮಾರ್ಗನ್‌ನಲ್ಲಿ ಅಳೆಯುತ್ತಾರೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆಯರ ಮಕ್ಕಳ ನಡುವೆ ಸರಾಸರಿ 870ರ ಆಸುಪಾಸು, ಅವರ ಮಕ್ಕಳ ನಡುವೆ 230ರ ಆಸುಪಾಸು. ಈ ಸಮುದಾಯ ಹಲವು ತಲೆಮಾರು ತಮ್ಮತಮ್ಮಲ್ಲೇ, ಅದೇ ರೈಲ್ವೆ ಕಾಲೊನಿ, ಅದೇ ಗಣಿ ಊರುಗಳೊಳಗೆ ಮದುವೆಯಾದದ್ದರಿಂದ ಒಂದೇ ಪೂರ್ವಜರು ಎರಡು ಮೂರು ದಾರಿಯಲ್ಲಿ ಸೇರುತ್ತಾರೆ, ಮೊತ್ತ ಉಬ್ಬುತ್ತದೆ. ಮೊತ್ತ ನೋಡಬೇಡಿ, ತುಂಡುಗಳ ಉದ್ದ ನೋಡಿ. 7 ಸೆಂಟಿಮಾರ್ಗನ್‌ಗಿಂತ ಚಿಕ್ಕವನ್ನು ಬಿಟ್ಟುಬಿಡಿ, 20 ದಾಟಿದ ಒಂಟಿ ತುಂಡು ಸಿಕ್ಕರೆ ಅದರ ಬೆನ್ನು ಹತ್ತಿ.

ಅಡ್ಡಹೆಸರಿನ ಮೇಲೆ ಭಾರ ಹಾಕಬೇಡಿ. ಡಿಸೋಜ, ಪಿರೇರ ಎಂದಾಕ್ಷಣ ಪೋರ್ಚುಗೀಸ್ ರಕ್ತ ಎಂದಲ್ಲ. ಕರಾವಳಿಯಲ್ಲಿ ಇಂಥ ಹೆಸರುಗಳು ಹೆಚ್ಚಾಗಿ ಜ್ಞಾನಸ್ನಾನದೊಂದಿಗೆ ಬಂದವು.

ಮಾದರಿ ಕೊಡುವ ಮುನ್ನ ಅರ್ಧ ಗಂಟೆ ತಿನ್ನುವುದು, ಕುಡಿಯುವುದು, ಸಿಗರೇಟು ಬೇಡ. ಕಿಟ್ಟಿನ ಕೊಳವೆಯಲ್ಲಿ ನೊರೆ ಬಿಟ್ಟು ಗೆರೆಯವರೆಗೆ ಎಂಜಲು ತುಂಬಬೇಕು. ವಯಸ್ಸಾದವರಿಗೆ ಬಾಯಿ ಒಣಗುವುದರಿಂದ ಕೆನ್ನೆಯ ಒಳಗೆ ಉಜ್ಜುವ ಕಡ್ಡಿಯ ಕಿಟ್ ವಾಸಿ. ಒಪ್ಪಿಗೆ ಅವರದೇ ಇರಲಿ, ಬಯಸದ ನೆಂಟರೂ ಪತ್ತೆಯಾಗಬಹುದು ಎಂದು ಮೊದಲೇ ಹೇಳಿ. ನಿಮ್ಮ ಡಿಎನ್ಎ ಓದಿನ ಕಚ್ಚಾ ಕಡತವನ್ನು ಕಂಪನಿಯ ತಾಣದಿಂದ ಇಳಿಸಿ ನಿಮ್ಮಲ್ಲೇ ಇಟ್ಟುಕೊಳ್ಳಿ. 2023ರಲ್ಲಿ ಡಿಎನ್ಎ ಪರೀಕ್ಷೆಯ ಕಂಪನಿಯಾದ 23ಆಂಡ್‌ಮಿಯ ಸುಮಾರು 69 ಲಕ್ಷ ಬಳಕೆದಾರರ ಮಾಹಿತಿ ಸೋರಿತು, 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು.

ಒಂದೇ ಕಿಟ್‌ಗೆ ದುಡ್ಡಿದ್ದರೆ ಮೊಮ್ಮಗನಿಗೆ ಬೇಡ, ಮನೆಯ ಅತಿ ಹಿರಿಯರಿಗೆ ಮಾಡಿಸಿ. ಎರಡಕ್ಕಿದ್ದರೆ, ಎರಡನೆಯದು ಹೆಣ್ಣು ಸಾಲಿನ ಕೊನೆಯಲ್ಲಿರುವವರಿಗೆ, ಅವರು ನಿಮಗೆ ಎಷ್ಟೇ ದೂರದ ನೆಂಟರಾಗಿರಲಿ.